ಭಾರತ ಹುಣ್ಣಿಮೆಗೆ ಮೊದಲು ಬಿಟ್ಟ ನೀರು

ನಕ್ಷೆ ಬರೆದದ್ದು ಶ್ರಾವಣದಲ್ಲಿ. ತಪ್ಪು ಶುರುವಾದದ್ದೂ ಅಲ್ಲಿಂದಲೇ. ಜಿಟಿಜಿಟಿ ಮಳೆ ಹಿಡಿದಿತ್ತು. ಸರಕಾರಿ ಪ್ರವಾಸಿ ಬಂಗಲೆಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕೂತಿದ್ದೆ. ಎದುರಿಗೆ ಇಪ್ಪತ್ತೆಂಟು ನಿಂಬೆ ಗಿಡಗಳು ಎರಡು ಸಾಲಿನಲ್ಲಿ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ಹಸಿರು ಪೆನ್ಸಿಲ್ ತೆಗೆದು ಆ ಎರಡು ಸಾಲನ್ನು ದಟ್ಟವಾಗಿ ತೀಡಿದೆ. ಮುಂದೆ ಹುಲ್ಲಿನ ಹಾಸು, ನಡುವೆ ಮೊರಮಿನ ಗರಸು ಹಾಸಿದ ದಾರಿ, ದಾರಿಯ ಎರಡೂ ಬದಿಗೆ ಹೂವಿನ ಮಡಿ, ಎಲ್ಲದರ ಹಿಂದೆ ನಿಂಬೆಯ ಹಸಿರು ಗೋಡೆ. ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂತವನ ಕಣ್ಣು ನೇರವಾಗಿ ಆ ಗೋಡೆಗೆ ಹೋಗಿ ತಂಗಬೇಕು ಎಂಬುದು ನನ್ನ ಯೋಜನೆ. ಮೇಲಿನವರು ಮೆಚ್ಚಿ ಮೊಹರು ಹಾಕಿ ಕಳಿಸಿದರು. ಮಾಘದಲ್ಲಿ ಆ ಗಿಡಗಳು ಹೇಗಿರುತ್ತವೆ ಎಂದು ಯಾರೂ ಕೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ, ಕೇಳಲಿಲ್ಲ. ನಾನು ಬಸವನ ಬಾಗೇವಾಡಿಯ ಕಡೆ ಹುಟ್ಟಿದವನು, ನಿಂಬೆ ತೋಟ ಕಾಣದವನಲ್ಲ. ನನಗೆ ಗೊತ್ತಿತ್ತು. ಆದರೂ ಆ ದಿನ ಕಣ್ಣಿಗೆ ಕಂಡ ಹಸಿರನ್ನು ವರ್ಷವಿಡೀ ಇರುವ ಹಸಿರು ಎಂದು ಬರೆದುಬಿಟ್ಟೆ.

ಬಂಗಲೆ ಇದ್ದದ್ದು ಇಂಡಿಯಿಂದ ಸಿಂದಗಿಗೆ ಹೋಗುವ ರಸ್ತೆಯ ಪಕ್ಕ, ಊರಿಂದ ಹೊರಗೆ, ಎರೆ ಹೊಲಗಳ ನಡುವೆ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ಕೆಲ ವರ್ಷಗಳಾಗಿದ್ದವು. ಹಳೆಯ ಬಂಗಲೆಗಳಿಗೆಲ್ಲ ಸುಣ್ಣಬಣ್ಣ ಮಾಡಿಸಿ ಮುಂದೊಂದು ಉದ್ಯಾನ ಮಾಡಿಸಬೇಕೆಂಬ ಹುಕುಂ ಬಂದಿತ್ತು. ನಾನು ಆಗ ಹಂಗಾಮಿ ಉದ್ಯಾನ ಮೇಸ್ತ್ರಿ. ಒಂದು ಸರಪಳಿ, ಒಂದು ಟೇಪು, ಗೂಟಗಳ ಚೀಲ, ಇಷ್ಟು ಕೊಟ್ಟು ಒಂದು ವರ್ಷದ ಮಟ್ಟಿಗೆ ಅಲ್ಲಿ ಕೂರಿಸಿದ್ದರು. ಖಾಯಂ ಆಗುವುದು ಬಿಡುವುದು ಆ ಉದ್ಯಾನದ ಮೇಲೆ ನಿಂತಿದೆ ಎಂದು ನಾನೇ ನನಗೆ ಹೇಳಿಕೊಂಡಿದ್ದೆ. ಬಂದವರ ಮುಂದೆಯೂ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದೆ.

ನಿಂಬೆ ಗಿಡಗಳನ್ನು ನೋಡಿಕೊಳ್ಳುವವನು ಕಾಂಪೌಂಡಿನ ಮೂಲೆಯಲ್ಲಿ ಒಂದು ಕೋಣೆಯಲ್ಲಿ ಹೆಂಡತಿಯೊಂದಿಗೆ ಇದ್ದ. ಐವತ್ತರ ಆಸುಪಾಸಿನ ಮುಸಲ್ಮಾನ. ಅವನ ತಂದೆ ನೆಟ್ಟ ಗಿಡಗಳು ಅವು. ಅವನಿಗೆ ಪಗಾರ ಇರಲಿಲ್ಲ. ಗಿಡ ಕಾಯುವುದು, ಬಾವಿ ನೋಡಿಕೊಳ್ಳುವುದು, ಬಂದವರಿಗೆ ಸ್ನಾನಕ್ಕೆ ನೀರು ಕಾಯಿಸಿಕೊಡುವುದು ಅವನ ಕೆಲಸ. ಅದಕ್ಕೆ ಬದಲಾಗಿ ಗಿಡದ ಹಣ್ಣು ಅವನದು. ಇದಕ್ಕೆ ಕಾಗದ ಪತ್ರ ಏನೂ ಇರಲಿಲ್ಲ. ಅವನಪ್ಪನ ಕಾಲದಿಂದ ನಡೆದುಬಂದ ರೂಢಿ. ವರ್ಷದ ಒಂದು ಫಸಲು ಕೈಗೆ ಬಂದರೆ ಅವರಿಬ್ಬರ ವರ್ಷ ಕಳೆಯುತ್ತಿತ್ತು. ನಾನು ಅವನನ್ನು ಚಾಚಾ ಅನ್ನುತ್ತಿದ್ದೆ. ಇಲಾಖೆಯ ಹಿರಿಯ ಅಧಿಕಾರಿ ದೊಡ್ಡ ಸಾಹೇಬರಾದ್ದರಿಂದ ಅವನು ನನ್ನನ್ನು ಸಣ್ಣ ಸಾಹೇಬ ಎಂದು ಕರೆಯುತ್ತಿದ್ದ. ಕೂಲಿಯವರ ಜೊತೆ ಗುದ್ದಲಿ ಹಿಡಿಯುವ ನನ್ನಂಥವನಿಗೆ ಆ ಮಾತು ಕೇಳಿ ಒಳಗೊಳಗೇ ಖುಷಿಯಾಗುತ್ತಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

ದೀಪಾವಳಿ ಮುಗಿದ ಮೇಲೆ ಕೆಲಸ ಶುರು ಮಾಡಿದೆ. ಸರಪಳಿ ಎಳೆದು, ಗೂಟ ಹೊಡೆದು, ದಾರ ಕಟ್ಟಿ, ಸುಣ್ಣದ ಪುಡಿಯಿಂದ ಗೆರೆ ಹಾಕಿದೆವು. ಎರೆ ಮಣ್ಣಿನಲ್ಲಿ ಉದ್ಯಾನ ಮಾಡುವುದು ಹೇಳಿದಷ್ಟು ಸುಲಭವಲ್ಲ. ಮಳೆಗಾಲದಲ್ಲಿ ಕಾಲಿಗೆ ಅಂಟಿ ಚಪ್ಪಲಿ ಕಿತ್ತುಕೊಳ್ಳುವ ಆ ಮಣ್ಣು ಚಳಿಗಾಲದಲ್ಲಿ ಅಂಗೈಯಗಲ ಬಿರಿಯುತ್ತದೆ. ಹುಲ್ಲಿನ ಹಾಸಿಗೆಂದು ಗುರುತು ಮಾಡಿದ ಜಾಗವನ್ನು ಒಂದು ಮೊಳ ಅಗೆಸಿ, ಹಳ್ಳದ ಮರಳು, ತಿಪ್ಪೆ ಗೊಬ್ಬರ ಬೆರೆಸಿ, ಮಟ್ಟ ಮಾಡಿಸಿ, ನೀರು ಕಟ್ಟಿ, ಕುಸಿದಲ್ಲಿ ಮತ್ತೆ ತುಂಬಿಸಿದೆ. ಬದುಗಳಿಂದ ಕರಿಕೆ ಹುಲ್ಲು ಕಿತ್ತು ತರಿಸಿ ಒಂದೊಂದೇ ಗೆಣ್ಣು ಊರಿಸಿದೆ. ಹದಿನೈದು ದಿನವಾದರೂ ಹುಲ್ಲು ಏಳಲಿಲ್ಲ. ಚಳಿಯಲ್ಲಿ ಕರಿಕೆ ಮಲಗುತ್ತದೆ, ಶಿವರಾತ್ರಿಯ ಬಿಸಿಲು ಬಿದ್ದ ಮೇಲೇ ಎದ್ದು ಕೂರುತ್ತದೆ. ಊರಿದ ಅರ್ಧ ಹುಲ್ಲು ಹಳದಿ ತಿರುಗಿ ಒಣಗಿತು, ಮಿಕ್ಕಿದ್ದನ್ನು ದಾರಿಹೋಕ ಕುರಿಗಳು ಬೇಲಿ ನುಗ್ಗಿ ಮೇಯ್ದವು.

ಎರಡನೆಯ ಸಲ ಬೇರೆ ದಾರಿ ಹಿಡಿದೆ. ಕರಿಕೆಯನ್ನು ಬೆರಳುದ್ದ ಕೊಚ್ಚಿಸಿ, ಸೆಗಣಿ ಮತ್ತು ಮಣ್ಣಿನ ಕೆಸರಿನಲ್ಲಿ ಕಲಸಿ, ಗೋಡೆಗೆ ಗಿಲಾವು ಮಾಡಿದ ಹಾಗೆ ನೆಲಕ್ಕೆ ಬಳಿಸಿದೆ. ಮೇಲೆ ಜೋಳದ ದಂಟಿನ ಕಣಿಕೆ ಹೊದಿಸಿ ಚಳಿ ತಡೆದೆ. ದಿನಾ ಬೆಳಿಗ್ಗೆ ಕಣಿಕೆ ಸರಿಸಿ ಬಿಸಿಲು ತಾಗಿಸುವುದು, ಹೊತ್ತು ಇಳಿದ ಮೇಲೆ ಮತ್ತೆ ಹೊದಿಸುವುದು. ಎತ್ತು ಹೂಡಿ ತೊಗಲಿನ ಚೀಲದಲ್ಲಿ ನೀರು ಜಗ್ಗುವ ಕಪಿಲೆ ಬಾವಿ ಅದು. ಬಾಡಿಗೆಗೆ ತಂದ ಜೋಡಿ ಎತ್ತುಗಳು ಬೆಳಗಿನಿಂದ ಮಧ್ಯಾಹ್ನದವರೆಗೆ ಇಳಿಜಾರಿನಲ್ಲಿ ಹತ್ತಿಳಿದು ಸುಸ್ತಾಗುತ್ತಿದ್ದವು. ಆ ನೀರೆಲ್ಲ ನನ್ನ ಹುಲ್ಲಿಗೇ ಹೋಗುತ್ತಿತ್ತು. ಗಿಡಗಳ ಪಾಲಿನ ನೀರು ನಾನು ಕಸಿದುಕೊಂಡಿದ್ದೆ ಎಂದು ತಿಳಿಯಬೇಡಿ. ಆ ತಿಂಗಳಲ್ಲಿ ಗಿಡಗಳಿಗೆ ನೀರೇ ಬೇಕಾಗಿರಲಿಲ್ಲ.

ನಿಂಬೆಯ ಬಹಾರ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ನಿಂಬೆ ಗಿಡಕ್ಕೆ ಸದಾ ನೀರುಣಿಸಿದರೆ ಅದು ಎಲೆಯನ್ನೇ ಬಿಡುತ್ತ ಕೂರುತ್ತದೆ. ಅಲ್ಲೊಂದು ಇಲ್ಲೊಂದು ಹೂವು ಬಿಟ್ಟರೆ ಬಿಟ್ಟಿತು. ಗಿಡ ತುಂಬ ಒಮ್ಮೆಗೇ ಹೂವು, ಅಂದರೆ ಬಹಾರ, ಬರಬೇಕಾದರೆ ಅದನ್ನು ಉಪವಾಸ ಕೆಡವಬೇಕು. ಚಳಿಗಾಲದಲ್ಲಿ ನೀರು ನಿಲ್ಲಿಸಿ, ಬುಡದ ಮಣ್ಣು ಕೆದರಿ, ಕೂದಲಿನಂಥ ಬೇರುಗಳಿಗೆ ಬಿಸಿಲು ತೋರಿಸಬೇಕು. ಎಲೆ ಮುದುರುತ್ತದೆ, ಹಳದಿಯಾಗುತ್ತದೆ, ಉದುರುತ್ತದೆ. ಗಿಡ ಸತ್ತಿತೋ ಬದುಕಿತೋ ಎನ್ನುವಂತಾದಾಗ ಬೇರು ಮುಚ್ಚಿ, ಕುರಿ ಹಿಕ್ಕೆ ಹಾಕಿ, ಮೊದಲ ನೀರು ಕೊಟ್ಟರೆ ಮೂರು ವಾರಕ್ಕೆ ಮೈತುಂಬ ಮೊಗ್ಗು. ಒಂದು ವಾರ ಮುಂಚೆ ನೀರು ಕೊಟ್ಟರೆ ಎಲೆ ಬರುತ್ತದೆ, ಹೂವು ಬರುವುದಿಲ್ಲ. ಒಂದು ವಾರ ತಡವಾದರೆ ಟೊಂಗೆಯೇ ಒಣಗುತ್ತದೆ. ಆ ದಿನ ಯಾವುದು ಎಂದು ಹೇಳುವುದರಲ್ಲಿ ಚಾಚಾನಿಗೆ ಇಂಡಿಯ ಸುತ್ತಮುತ್ತ ಹೆಸರಿತ್ತು. ಅವನು ಉಗುರಿನಿಂದ ಟೊಂಗೆಯ ಸಿಪ್ಪೆ ಗೀರಿ ನೋಡುತ್ತಿದ್ದ, ಎಲೆಯನ್ನು ಅಂಗೈಯಲ್ಲಿ ಹಿಸುಕಿ ಕಿವಿಯ ಹತ್ತಿರ ಹಿಡಿಯುತ್ತಿದ್ದ, ಬುಡದ ಮಣ್ಣು ಚೂರು ಬಾಯಿಗೆ ಹಾಕಿಕೊಂಡು ಉಗುಳುತ್ತಿದ್ದ. ಆಮೇಲೆ ಒಂದು ದಿನ ಹೇಳುತ್ತಿದ್ದ. ನಾಲ್ಕು ಊರಿನ ತೋಟದವರು ಸೈಕಲ್ ಮೇಲೆ ಬಂದು ಅವನನ್ನು ಕರೆದೊಯ್ದು ತಮ್ಮ ಗಿಡ ತೋರಿಸುತ್ತಿದ್ದರು. ಅದಕ್ಕೆ ಅವನು ಏನೂ ತೆಗೆದುಕೊಳ್ಳುತ್ತಿರಲಿಲ್ಲ, ಚಹಾ ಕುಡಿದು ಬರುತ್ತಿದ್ದ.

ಆ ವರ್ಷ ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಮುಂದೆ ಎರಡು ದಿನ ಅಕಾಲದ ಮಳೆ ಹೊಡೆಯಿತು. ಅರ್ಧ ಬಾಡಿದ್ದ ಗಿಡಗಳು ನೀರು ಕುಡಿದು ಮತ್ತೆ ಚೇತರಿಸಿಕೊಂಡವು. ಚಾಚಾ ಪಾತಿಯ ಮಣ್ಣನ್ನು ಇನ್ನೂ ಆಳಕ್ಕೆ ಕೆದರಿ ಲೆಕ್ಕವನ್ನು ಮೊದಲಿಂದ ಶುರು ಮಾಡಿದ. ಸಂಕ್ರಾಂತಿಗೆ ಬಿಡಬೇಕಿದ್ದ ನೀರನ್ನು ಮಾಘದ ಭಾರತ ಹುಣ್ಣಿಮೆಗೆ ಒಯ್ದ. ಸಂಕ್ರಾಂತಿಯಿಂದ ಅಲ್ಲಿಗೆ ಮೂರು ವಾರ ಚಿಲ್ಲರೆ ಇತ್ತು.

ಅಷ್ಟರಲ್ಲಿ ಮಂತ್ರಿಗಳ ಪ್ರವಾಸದ ಸುದ್ದಿ ಬಂತು. ಶಿವರಾತ್ರಿ ಕಳೆದ ಮೇಲೆ ಬರಬೇಕಾದವರು ಭಾರತ ಹುಣ್ಣಿಮೆಯ ಮಾರನೆಯ ದಿನವೇ ಸಿಂದಗಿಯಿಂದ ಇಂಡಿಗೆ ಹೋಗುತ್ತ ನಮ್ಮ ಬಂಗಲೆಯಲ್ಲಿ ಅರ್ಧ ತಾಸು ತಂಗುವವರಿದ್ದರು. ಹುಲ್ಲು ಇನ್ನೂ ತೇಪೆ ತೇಪೆಯಾಗಿತ್ತು. ಚೆಂಡು ಹೂವಿನ ಸಸಿ ಗೇಣುದ್ದ ಇತ್ತು. ದಾರಿಗೆ ಮೊರಮು ಬಿದ್ದಿರಲಿಲ್ಲ. ನನಗೆ ಊಟ ಸೇರದಾಯಿತು.

ಸಂಕ್ರಾಂತಿಯ ಮೂರನೆಯ ದಿನ ನಾಲತವಾಡದಿಂದ ಮನುಷ್ಯ ಬಂದು ಚಾಚಾನ ತಂಗಿಯ ಗಂಡ ತೀರಿಕೊಂಡನೆಂದು ಹೇಳಿದ. ಗಂಡ ಹೆಂಡತಿ ಇಬ್ಬರೂ ಹೊರಟರು. ಇಂಡಿಗೆ ಹೋಗಿ ಬಸ್ ಹಿಡಿದು, ಬಸವನ ಬಾಗೇವಾಡಿಯಲ್ಲಿ ಇಳಿದು ಬೇರೆ ಬಸ್ ಕಾಯ್ದು, ಮುದ್ದೇಬಿಹಾಳ ದಾಟಿ ಹೋಗಬೇಕು. ಹೋಗಿ ಬರಲಿಕ್ಕೇ ಎರಡು ದಿನ ಬೇಕು. ಅಲ್ಲಿ ಮೂರನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿಕೊಂಡೇ ಬರುವುದು. ಗಂಟು ಹೆಗಲಿಗೆ ಹಾಕಿಕೊಂಡವನು ಗೇಟಿನವರೆಗೆ ಹೋಗಿ ತಿರುಗಿ ಬಂದ.

"ಸಣ್ಣ ಸಾಹೇಬ್ರ, ಯಾರ ಬಂದು ಏನ ಹೇಳಿದ್ರೂ ಗಿಡಕ್ಕ ಹನಿ ನೀರ ಬಿಡಬ್ಯಾಡ್ರಿ. ಹುಲ್ಲಿಗೆ ಎಷ್ಟರ ಬಿಟ್ಟಗೋರಿ. ನಾ ಬಂದ ಮ್ಯಾಲ ನೋಡತೇನಿ."

ಆಗಲಿ ಚಾಚಾ, ನಿಶ್ಚಿಂತೆಯಿಂದ ಹೋಗಿ ಬಾ ಎಂದೆ. ಆ ಹೊತ್ತಿನಲ್ಲಿ ಅದು ಬಾಯಿಮಾತಾಗಿರಲಿಲ್ಲ, ಮನಸ್ಸಿನಿಂದಲೇ ಹೇಳಿದ್ದೆ.

ಮಾರನೆಯ ದಿನ ಹನ್ನೊಂದು ಗಂಟೆಗೆ ದೊಡ್ಡ ಸಾಹೇಬರ ಜೀಪು ಬಂತು. ಅವರು ಮೈಸೂರಿನ ಕಡೆಯವರು, ನಮ್ಮ ಭಾಗಕ್ಕೆ ಬಂದು ವರ್ಷವೂ ಆಗಿರಲಿಲ್ಲ. ಕೆಟ್ಟವರಲ್ಲ. ಅವಸರದವರು. ಒಂದು ತಾಸಿನಲ್ಲಿ ಹತ್ತು ಕೆಲಸ ನೋಡಿ ಹೋಗುವ ಸ್ವಭಾವ. ಪಡಸಾಲೆಯಲ್ಲಿ ನಿಂತು ನನ್ನ ನಕ್ಷೆಯನ್ನು ಕೈಯಲ್ಲಿ ಹಿಡಿದು ಎದುರಿಗೆ ನೋಡಿದರು. ನಕ್ಷೆಯಲ್ಲಿ ಹಸಿರು ಗೋಡೆ ಇತ್ತು. ಎದುರಿಗೆ ಇಪ್ಪತ್ತೆಂಟು ಗಿಡಗಳು ಎಲೆ ಮುದುರಿಕೊಂಡು, ಅರ್ಧ ಬೋಳಾಗಿ, ಬೇರು ಹೊರಗೆ ಚೆಲ್ಲಿಕೊಂಡು ನಿಂತಿದ್ದವು.

"ಏನ್ರೀ ಇದು, ಮಂತ್ರಿಗಳು ಇಲ್ಲಿ ಕೂತುಕೊಂಡು ಈ ಸತ್ತ ಗಿಡಗಳನ್ನು ನೋಡಬೇಕೇನ್ರೀ?" ಎಂದರು.

ಸರ್, ಅವು ಸತ್ತಿಲ್ಲ, ಇದು ಇಲ್ಲಿಯ ತೋಟದವರ ಪದ್ಧತಿ ಎಂದು ಶುರು ಮಾಡಿದೆ. ಅವರು ಕೈ ಎತ್ತಿದರು. ಸತ್ತಿಲ್ಲದಿದ್ದರೆ ನೀರು ಹಾಕಿ ಹಸಿರು ಮಾಡಿ, ಆಗದಿದ್ದರೆ ಕಿತ್ತು ಕುಂಡಗಳನ್ನು ಇಡಿಸಿ ಎಂದು ಹೇಳಿ ಸ್ನಾನದ ಕೋಣೆಯ ನಲ್ಲಿ ನೋಡಲು ಒಳಗೆ ಹೋದರು.

ಇಲ್ಲಿ ನಾನು ಜನರಿಗೆ ಹೇಳುವಾಗ ಕಥೆಯನ್ನು ನಿಲ್ಲಿಸುತ್ತಿದ್ದೆ. ಸಾಹೇಬರ ಹುಕುಂ ಆಯಿತು, ಬಡವ ನಾನೇನು ಮಾಡಲಿ ಎಂದು ಕೈ ತಿರುಗಿಸುತ್ತಿದ್ದೆ. ಆದರೆ ಸಾಹೇಬರು ಅಲ್ಲಿಂದ ಹೊರಟುಹೋಗಲಿಲ್ಲ. ಇನ್ನೂ ಒಂದು ತಾಸು ಇದ್ದರು. ಅಡಿಗೆಯವನು ಕೊಟ್ಟ ಭಜಿ ತಿಂದರು, ಚಹಾ ಕುಡಿದರು, ನನ್ನ ಊರು ಯಾವುದು, ಮದುವೆಯಾಗಿದೆಯೇ ಎಂದು ಕೇಳಿದರು. ಆ ತಾಸಿನಲ್ಲಿ ನಾನು ಎರಡು ವಾಕ್ಯ ಹೇಳಬಹುದಿತ್ತು. ಸರ್, ಈಗ ನೀರು ಬಿಟ್ಟರೆ ಆ ಮನುಷ್ಯನ ವರ್ಷದ ಫಸಲು ಹೋಗುತ್ತದೆ. ಗಿಡಗಳ ಮುಂದೆ ಕಣಿಕೆಯ ತಟ್ಟಿ ಕಟ್ಟಿಸಿ ಹೂವಿನ ಕುಂಡ ಸಾಲಿಡಿಸುತ್ತೇನೆ. ಇಷ್ಟೇ. ಒಪ್ಪುತ್ತಿದ್ದರೋ ಬಿಡುತ್ತಿದ್ದರೋ, ಹೇಳಲಿಕ್ಕೆ ಏನು ಧಾಡಿ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಹೋದ ಮಾತಿನ ಬಗ್ಗೆ ಯಾರೂ ಗಾದೆ ಕಟ್ಟಿಲ್ಲ.

ಯಾಕೆ ಹೇಳಲಿಲ್ಲ ಎಂದು ಎಷ್ಟೋ ವರ್ಷ ಕೇಳಿಕೊಂಡಿದ್ದೇನೆ. ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ನಾಚಿಕೆಗೇಡಿನದು ಇನ್ನೊಂದಿತ್ತು. ನನಗೂ ಆ ಗಿಡಗಳು ಹಸಿರಾಗಬೇಕಿತ್ತು. ಕಾಗದದ ಮೇಲೆ ನಾನು ತೀಡಿದ ಹಸಿರು ನೆಲದ ಮೇಲೆ ಕಾಣಬೇಕಿತ್ತು. ಪಡಸಾಲೆಯಲ್ಲಿ ಕೂತ ದೊಡ್ಡವರು ಇದನ್ನು ಯಾರು ಮಾಡಿದ್ದು ಎಂದು ಕೇಳಬೇಕಿತ್ತು. ಜೀಪು ಹೊರಟ ಮೇಲೆ ನಾನು ಬಾವಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಕೀಳುವುದಕ್ಕಿಂತ ನೀರು ಬಿಡುವುದು ವಾಸಿ, ಗಿಡವಾದರೂ ಉಳಿಯುತ್ತದೆ, ಚಾಚಾನಿಗೆ ಉಪಕಾರವೇ ಮಾಡಿದ ಹಾಗಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ಎದ್ದು ಹೋಗಿ ಹುಲ್ಲಿಗೆ ಹರಿಯುತ್ತಿದ್ದ ಕಾಲುವೆಗೆ ಒಡ್ಡು ಹಾಕಿ, ಗಿಡಗಳ ಕಡೆಯ ಬಾಯಿ ನಾನೇ ಸಲಿಕೆಯಿಂದ ಒಡೆದೆ. ಕೂಲಿಯವರಿಗೆ ಹೇಳಿದ್ದರೂ ಆಗುತ್ತಿತ್ತು. ಅವರು ಈ ನೆಲದವರು, ನನ್ನ ಮುಖ ನೋಡುತ್ತಿದ್ದರು. ಅದಕ್ಕೇ ಸಲಿಕೆ ನಾನೇ ಹಿಡಿದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಹುಲ್ಲಿಗೆಂದು ಬಂದಿದ್ದ ಅಮೋನಿಯಂ ಸಲ್ಫೇಟಿನ ಚೀಲದಿಂದ ಪ್ರತಿ ಪಾತಿಗೂ ಎರಡು ಬೊಗಸೆ ಹಾಕಿ ಬೇರು ಮುಚ್ಚಿಸಿದೆ. ಮಾಡುವುದೇ ಆದರೆ ಅಚ್ಚುಕಟ್ಟಾಗಿ ಮಾಡಬೇಕು ಎಂಬ ಕಸುಬಿನ ಹುಚ್ಚು. ಮೂರು ದಿನ ಬಿಡದೆ ನೀರುಣಿಸಿದೆ.

ಐದನೆಯ ದಿನ ಹೊತ್ತು ಇಳಿಯುವ ಮುಂಚೆ ಚಾಚಾ ಮರಳಿದ. ಗೇಟಿನಿಂದಲೇ ಅವನಿಗೆ ಪಾತಿಗಳ ಕಪ್ಪು ಹಸಿ ಕಂಡಿತು. ಗಂಟನ್ನು ಹೆಂಡತಿಯ ಕೈಗೆ ಕೊಟ್ಟು ನೇರ ಮೊದಲನೆಯ ಗಿಡದ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ. ಮಣ್ಣಿನಲ್ಲಿ ಕೈ ಹಾಕಿದ. ಬೆರಳಿಗೆ ಅಂಟಿದ ಬಿಳಿ ಕಾಳುಗಳನ್ನು ನೋಡಿ ನಾಲಿಗೆಗೆ ತಾಗಿಸಿದ. ಎರಡನೆಯ ಗಿಡಕ್ಕೆ ಹೋದ. ಹೀಗೆ ಇಪ್ಪತ್ತೆಂಟೂ ನೋಡಿದ. ನಾನು ಪಡಸಾಲೆಯಿಂದ ಇಳಿದು ಅವನ ಹಿಂದೆ ಹಿಂದೆ ನಡೆದೆ. ಬೈದಿದ್ದರೆ ಹಗುರವಾಗುತ್ತಿತ್ತು. ಕಡೆಯ ಗಿಡದ ಹತ್ತಿರ ನಿಂತು ಯಾರು ಎಂದಷ್ಟೇ ಕೇಳಿದ.

ನಾನೇ ಎಂದೆ. ಆಮೇಲೆ ಸೇರಿಸಬಾರದ ಮಾತನ್ನು ಸೇರಿಸಿದೆ. ದೊಡ್ಡ ಸಾಹೇಬರು ಬಂದಿದ್ದರು, ಈ ಗಿಡ ಹಸಿರಾಗದಿದ್ದರೆ ನನ್ನ ನೌಕರಿ ಇಲ್ಲ ಎಂದು ಖಡಾಖಂಡಿತ ಹೇಳಿ ಹೋದರು ಎಂದೆ. ಸಾಹೇಬರು ನೌಕರಿಯ ಮಾತೇ ಎತ್ತಿರಲಿಲ್ಲ. ಅವನ ಮುಖ ನೋಡಲಾರದೆ ಆ ಗಳಿಗೆಗೆ ಸಿಕ್ಕ ಮರೆಯ ಹಿಂದೆ ಹೋಗಿ ನಿಂತೆ.

ಚಾಚಾ ತಲೆಯ ಮೇಲಿನ ಟೋಪಿ ತೆಗೆದು ಕೊಡವಿ ಮತ್ತೆ ಹಾಕಿಕೊಂಡ. ನೌಕರಿ ದೊಡ್ಡದು ಬಿಡ್ರಿ, ಗಿಡ ಮುಂದಿನ ವರ್ಷ ಹೂ ಬಿಟ್ಟಾವು ಎಂದು ಹೇಳಿ ಕೋಣೆಗೆ ಹೋದ. ಅವನ ಹೆಂಡತಿ ಮಾತ್ರ ಅಂದಿನಿಂದ ನನಗೆ ನೀರು ಕಾಯಿಸಿ ಕೊಡುವುದನ್ನು ಬಿಟ್ಟಳು. ಕೇಳುವ ಮುಖವೂ ನನಗಿರಲಿಲ್ಲ.

ಗಿಡಗಳು ನನ್ನ ಮಾತು ಕೇಳಿದವು. ಹತ್ತು ದಿನಕ್ಕೆ ಟೊಂಗೆ ಟೊಂಗೆಗೂ ಕೆಂಪು ಮಿಶ್ರಿತ ಚಿಗುರು ಒಡೆಯಿತು. ಹದಿನೈದನೆಯ ದಿನಕ್ಕೆ ತಿಳಿ ಹಸಿರು. ಮೊಗ್ಗು ಹುಡುಕಿದೆ, ಸುಳ್ಳು ಯಾಕೆ ಹೇಳಲಿ, ದಿನಾ ಬೆಳಿಗ್ಗೆ ಹೋಗಿ ಎಲೆ ಸರಿಸಿ ಸರಿಸಿ ಹುಡುಕಿದೆ. ಇಪ್ಪತ್ತೆಂಟು ಗಿಡದಲ್ಲಿ ಒಂದು ಹಿಡಿ ಮೊಗ್ಗು ಇರಲಿಲ್ಲ. ಅತ್ತ ಹುಲ್ಲೂ ಕೂಡಿಕೊಂಡಿತು. ಮೊರಮು ಬಿತ್ತು, ಚೆಂಡು ಹೂವು ಅರಳಿತು. ಹುಣ್ಣಿಮೆಯ ಹಿಂದಿನ ದಿನ ಪಡಸಾಲೆಯ ಕುರ್ಚಿಯಲ್ಲಿ ಕೂತು ನೋಡಿದರೆ ನಕ್ಷೆಯೇ ಎದ್ದು ಬಂದಂತಿತ್ತು. ದೊಡ್ಡ ಸಾಹೇಬರು ನನ್ನ ಬೆನ್ನು ತಟ್ಟಿದರು. ನಾನು ಹಿಗ್ಗಿದೆ. ಅಷ್ಟೆಲ್ಲ ಗೊತ್ತಿದ್ದೂ ಹಿಗ್ಗಿದೆ.

ಮಂತ್ರಿಗಳು ಮಧ್ಯಾಹ್ನ ಮೂರರ ಸುಮಾರಿಗೆ ಬಂದರು. ಇಂಡಿಯ ತೋಟದವರು, ವ್ಯಾಪಾರಸ್ಥರು ಹಾರ ಹಿಡಿದು ನಿಂತಿದ್ದರು. ಕುರ್ಚಿಯಲ್ಲಿ ಕೂರುತ್ತಾರೆ ಎಂದು ನಾನು ಕಾದರೆ ಅವರು ಕೂರಲೇ ಇಲ್ಲ. ಧೋತರದ ಚುಂಗು ಹಿಡಿದುಕೊಂಡು ಹುಲ್ಲು ದಾಟಿ ಸೀದಾ ನಿಂಬೆ ಗಿಡಗಳ ಹತ್ತಿರ ನಡೆದರು. ಹಿಂದೆ ನಾವೆಲ್ಲ. ನಮ್ಮ ಸೀಮೆಯವರೇ ಅವರು, ಮನೆಯಲ್ಲಿ ನಿಂಬೆ ತೋಟ ಇದ್ದವರು ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಒಂದು ಚಿಗುರು ಬಗ್ಗಿಸಿ ನೋಡಿದರು, ಇನ್ನೊಂದು ಗಿಡ ನೋಡಿದರು.

"ನಿನ್ನೆ ಭಾರತ ಹುಣ್ಣಿವಿ ಆತು. ಎಳ್ಳಮಾಸಿ ಮುಂದ ಮಳಿ ಆದ ವರ್ಷ ಇವತ್ತ ಈ ಗಿಡ ಬೋಳ ಇರಬೇಕಾಗಿತ್ತಲ್ಲ. ಎಲಿ ಅಷ್ಟ ಐತಿ, ಹೂವಿಲ್ಲ. ಯಾರ ನೋಡಕೋತಾರ ಇದನ್ನ?"

ದೊಡ್ಡ ಸಾಹೇಬರಿಗೆ ಪ್ರಶ್ನೆಯ ತಲೆಬುಡ ತಿಳಿಯಲಿಲ್ಲ. ತೋಟಗಾರ ಇದ್ದಾನೆ ಸರ್ ಎಂದು ಚಾಚಾನನ್ನು ಮುಂದೆ ಕರೆದರು. ಅವನು ಒಗೆದ ಅಂಗಿ ಹಾಕಿಕೊಂಡು ಜನರ ಹಿಂದೆ ನಿಂತಿದ್ದ. ಮುಂದೆ ಬಂದು ಸಲಾಮು ಮಾಡಿದ. ನೀರು ಯಾವಾಗ ಬಿಟ್ಟೆ ಎಂದು ಮಂತ್ರಿಗಳು ಕೇಳಿದರು.

ಚಾಚಾ ನನ್ನ ಕಡೆ ನೋಡಿದ. ನಾನು ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ನೋಡಿದ, ಕಣ್ಣು ಕೆಳಗೆ ಮಾಡಿದ. ನನ್ನ ಬಾಯಿ ತೆರೆಯಲಿಲ್ಲ.

"ತಪ್ಪಾತ್ರಿ," ಎಂದ ಚಾಚಾ.

ಮಂತ್ರಿಗಳು ನಕ್ಕರು. ಅವರದು ಕೆಟ್ಟ ನಗುವಲ್ಲ, ತೋಟದವರು ತೋಟದವರನ್ನು ಗೇಲಿ ಮಾಡುವ ನಗು. ಗಿಡ ಉಪವಾಸ ಕೆಡವುವುದು ಬಾರದವನ ಕೈಯಲ್ಲಿ ನಿಂಬೆ ಕೊಟ್ಟರೆ ಹೀಗೇ, ಕೊನೆಗೆ ದನಕ್ಕೆ ಎಲೆ ಮೇಯಿಸಬೇಕಾಗುತ್ತದೆ ಎಂದರು. ಎಲ್ಲರೂ ನಕ್ಕರು. ಹಾರ ಹಿಡಿದು ನಿಂತ ಇಂಡಿಯ ತೋಟದವರೂ ನಕ್ಕರು. ಅವರಲ್ಲಿ ಮೂರು ನಾಲ್ಕು ಜನ ಹೋದ ವರ್ಷ ಇದೇ ಮನುಷ್ಯನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ ನೀರು ಬಿಡುವ ದಿನ ಕೇಳಿದವರು. ಆಮೇಲೆ ಮಂತ್ರಿಗಳು ಹುಲ್ಲನ್ನು ಮೆಚ್ಚಿದರು. ಇಂಥ ಚಳಿಯಲ್ಲಿ ಕರಿಕೆ ಎಬ್ಬಿಸಿದವರು ಯಾರು ಎಂದು ಕೇಳಿದರು. ದೊಡ್ಡ ಸಾಹೇಬರು ನನ್ನನ್ನು ತೋರಿಸಿದರು. ಕೈಯಲ್ಲಿದ್ದ ಹಾರಗಳಲ್ಲಿ ಒಂದನ್ನು ತೆಗೆದು ಮಂತ್ರಿಗಳು ನನ್ನ ಕೊರಳಿಗೆ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಕೇಳಿದ್ದೆ. ಎತ್ತಿಗೆ ಹಾರ ಹಾಕಿದ್ದನ್ನು ಆ ದಿನವೇ ಕಂಡದ್ದು.

ಮುಂದಿನ ವಾರ ದೊಡ್ಡ ಸಾಹೇಬರು ಬಂದಾಗ ತೋಟಗಾರನನ್ನು ಬದಲಿಸಬೇಕು, ಮಂತ್ರಿಗಳ ಮಾತು ಬಂದಿದೆ, ಕೆಲಸ ಗೊತ್ತಿರುವವನನ್ನು ನೋಡಿ ಎಂದರು. ಟಿಪ್ಪಣಿ ಬರೆಯಲು ನನಗೇ ಹೇಳಿದರು. ಆಗಲೂ ಹೇಳಬಹುದಿತ್ತು. ಒಮ್ಮೆ ಸುಮ್ಮನಿದ್ದವನಿಗೆ ಎರಡನೆಯ ಸಲ ಸುಮ್ಮನಿರುವುದು ಇನ್ನೂ ಸಲೀಸು. ಕಾಗದ ತೆಗೆದು, ಸದರಿ ತೋಟಗಾರನಿಗೆ ನಿಂಬೆ ಬೇಸಾಯದ ತಿಳಿವಳಿಕೆ ಸಾಲದು ಎಂದು ದುಂಡಗಿನ ಅಕ್ಷರದಲ್ಲಿ ಬರೆದೆ. ನನ್ನ ಅಕ್ಷರ ಚೆನ್ನಾಗಿತ್ತು.

ಅಷ್ಟರಲ್ಲಿ ಆ ಎಳೆ ಎಲೆಗಳಿಗೆ ಹುಳು ಬಿತ್ತು. ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು, ಎರಡೇ ದಿನಕ್ಕೆ ಬೆರಳುದ್ದ ಹಸಿರು ಹುಳುವಾಗಿ ಟೊಂಗೆಗೆ ಟೊಂಗೆಯನ್ನೇ ಬೋಳು ಮಾಡುತ್ತದೆ. ಚಾಚಾ ದಿನಾ ಬೆಳಿಗ್ಗೆ ಒಂದು ತಗಡಿನ ಡಬ್ಬಿ ಹಿಡಿದು ಹುಳು ಆರಿಸುತ್ತಿದ್ದ. ಬಿಟ್ಟು ಹೋಗುವ ಗಿಡಕ್ಕೆ ಯಾಕೆ ಇಷ್ಟು ಕಷ್ಟ ಎಂದು ಕೂಲಿಯವರು ಕೇಳಿದರೆ ಗಿಡದ್ದೇನು ತಪ್ಪು ಎನ್ನುತ್ತಿದ್ದ. ಹುಳು ತಿಂದು ಹೋದ ಮೇಲೆ ನನ್ನ ಹಸಿರು ಗೋಡೆ ತೂತು ಜರಡಿಯಾಯಿತು. ಪಡಸಾಲೆಯಿಂದ ಅದನ್ನು ನೋಡುವವರು ಆಗ ಯಾರೂ ಇರಲಿಲ್ಲ.

ನನ್ನ ಖಾಯಂ ಆದೇಶ ಹೋಳಿ ಹುಣ್ಣಿಮೆಗೆ ಮುಂಚೆ ಬಂತು. ಅದೇ ಟಪಾಲಿನಲ್ಲಿ ಚಾಚಾ ಬಂಗಲೆ ಬಿಡಬೇಕೆಂಬ ಕಾಗದವೂ ಬಂತು. ಎರಡನ್ನೂ ಸಹಿ ಮಾಡಿ ತೆಗೆದುಕೊಂಡೆ. ಅವನು ನಾಲತವಾಡದಲ್ಲಿ ವಿಧವೆ ತಂಗಿಯ ಮನೆಗೆ ಹೋಗುವವನಿದ್ದ. ಅಲ್ಲಿ ಅವಳದೊಂದು ತುಂಡು ಜೋಳದ ಹೊಲ ಇತ್ತು, ನಿಂಬೆ ಗಿಡ ಒಂದೂ ಇರಲಿಲ್ಲ. ಹೊರಡುವ ದಿನ ಬಂಡಿಗೆ ಸಾಮಾನು ಹೇರಿದರು. 

ಬಾವಿಯ ಹಗ್ಗ, ತೊಗಲಿನ ಚೀಲ, ಎರಡು ಗುದ್ದಲಿ ಎಣಿಸಿ ನನ್ನ ಮುಂದೆ ಇಟ್ಟ. ಆಗ ನನಗೆ ತಡೆಯಲಾಗಲಿಲ್ಲ. ಚಾಚಾ, ನಾಳೆ ಬೆಳಿಗ್ಗೆ ಹೋಗಿ ದೊಡ್ಡ ಸಾಹೇಬರ ಮುಂದೆ ಎಲ್ಲ ಹೇಳುತ್ತೇನೆ, ನೀನು ಒಂದು ವಾರ ತಡಿ ಎಂದೆ. ಅವನು ಬಂಡಿಯ ಹಗ್ಗ ಬಿಗಿಯುತ್ತಿದ್ದವನು ಕೈ ನಿಲ್ಲಿಸಿದ. ಆ ದಿನ ಮಂತ್ರಿಗಳು ಕೇಳಿದಾಗ ನೀರು ಬಿಟ್ಟದ್ದು ನೀವೇ ಎಂದು ಹೇಳಿದ್ದರೆ ನಿಮ್ಮ ನೌಕರಿ ಹೋಗುತ್ತಿತ್ತೇನು, ಖರೇ ಹೇಳಿ ಎಂದು ಕೇಳಿದ.

ಇಷ್ಟು ಸುಳ್ಳಿನ ಮೇಲೆ ಇನ್ನೊಂದು ಹೇಳುವ ಶಕ್ತಿ ನನಗಿರಲಿಲ್ಲ. ಮಂತ್ರಿಗಳು ನಗುತ್ತಿದ್ದರು. ನಾನು ಹೇಳಿದ್ದರೆ ನನ್ನನ್ನು ನೋಡಿ ನಗುತ್ತಿದ್ದರು, ಸಾಹೇಬರು ಸಂಜೆ ಎರಡು ಮಾತು ಬೈಯುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲ ಚಾಚಾ, ಹೋಗುತ್ತಿರಲಿಲ್ಲ, ನೌಕರಿಯ ಮಾತು ಯಾರೂ ಆಡಿರಲಿಲ್ಲ, ನಾನೇ ಹೇಳಿದ್ದು ಎಂದೆ.

ಅವನ ಕಣ್ಣಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ. ಲೆಕ್ಕ ತಪ್ಪಿದವನ ಗಲಿಬಿಲಿ ಇತ್ತು.

"ಹೋಗತೈತಿ ಅಂತ ತಿಳದಿದ್ದೆ ನಾ," ಎಂದ. "ಅದಕ್ಕ ಬಾಯಿ ಮುಚಗೊಂಡ ನಿಂತೆ. ಹೋಗೂದಿಲ್ಲ ಅಂತ ಗೊತ್ತಿದ್ರ ನಾನ ಹೇಳತಿದ್ನಲ್ರಿ."

ಹೆಂಡತಿ ಬಂಡಿಯ ಮೇಲಿಂದ ಹೊತ್ತಾಯಿತು ಎಂದಳು. ಅವನು ಹಗ್ಗದ ಗಂಟು ಬಿಗಿದು, ಬಂಡಿ ಹತ್ತದೆ, ಎತ್ತುಗಳ ಪಕ್ಕದಲ್ಲಿ ನಡೆಯುತ್ತ ಇಂಡಿಯ ರಸ್ತೆ ಹಿಡಿದ.